ಹುಳ ಅಂದರೆ ಯಾವ ಹುಳ

ನಮ್ಮ ಕಡೆ ಹಾವಿನ ಹೆಸರನ್ನು ಸುಮ್ಮಸುಮ್ಮನೆ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೆಸರು ಹಿಡಿದರೆ ಕರೆದಂತೆ ಅಂತ ಹಿರಿಯರ ಮಾತು. ಅದಕ್ಕೇ ಯಾರಿಗಾದರೂ ಹಾವು ಕಚ್ಚಿದರೆ “ಹುಳ ಮುಟ್ಟ್ಯದ” ಅನ್ನುತ್ತೇವೆ. ಆದರೆ ಗಾಯದಲ್ಲಿ ಬೀಳುವುದೂ ಹುಳವೇ, ಮಕ್ಕಳ ಹೊಟ್ಟೆಯಲ್ಲಿ ಆಗುವುದೂ ಹುಳವೇ, ಹಲ್ಲು ತಿನ್ನುವುದೂ ಹುಳವೇ, ತೊಗರಿ ಕಾಯಿ ಕೊರೆಯುವುದೂ ಹುಳವೇ. ಇಷ್ಟಕ್ಕೆಲ್ಲ ಒಂದೇ ಪದ ಇಟ್ಟುಕೊಂಡು ನಾವು ಒಬ್ಬರಿಗೊಬ್ಬರು ಹೇಗೆ ಅರ್ಥವಾಗುತ್ತೇವೋ ದೇವರೇ ಬಲ್ಲ. ಅಕ್ಕನ ನಾಯಿಗೆ ಕಾಯಿಲೆ ಬಂದಾಗ ಅರ್ಥವಾಗಲಿಲ್ಲ. ಆ ಗೊಂದಲ ನನ್ನ ತಲೆಯಿಂದ ಇವತ್ತಿಗೂ ಪೂರ್ತಿ ಇಳಿದಿಲ್ಲ.

ನಾನಿರುವುದು ವಾಡಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಅಕ್ಕನನ್ನು ಕೊಟ್ಟಿದ್ದು ಮಳಖೇಡಕ್ಕೆ. ಭಾವ ಸಿಮೆಂಟ್ ಫ್ಯಾಕ್ಟರಿಯಲ್ಲಿ ಪಾಳಿಯ ಮೇಲೆ ಕೆಲಸ ಮಾಡುತ್ತಾರೆ. ಅಕ್ಕ ಎರಡು ಎಮ್ಮೆ ಕಟ್ಟಿಕೊಂಡು ಹಾಲು ಮಾರುತ್ತಾಳೆ. ಮಕ್ಕಳಿಬ್ಬರೂ ಹಾಸ್ಟೆಲಿನಲ್ಲಿದ್ದು ಓದುತ್ತಾರೆ. ಎರಡನೆಯ ಹೆರಿಗೆಯಾದ ಮೇಲೆ ಬಂದ ಜ್ವರದಲ್ಲಿ ಅವಳ ಎರಡೂ ಕಿವಿ ಹೋದವು. ಮಾತು ಉಳಿಯಿತು, ಅದೂ ಕಾಗಿಣಾ ನದಿಯ ಆಚೆ ದಂಡೆಗೆ ಕೇಳುವಷ್ಟು ಜೋರಾಗಿ ಉಳಿಯಿತು. ಎದುರಿಗಿದ್ದವರ ತುಟಿ ನೋಡಿ ಅರ್ಧ ತಿಳಿದುಕೊಳ್ಳುತ್ತಾಳೆ, ಇನ್ನರ್ಧ ನಮ್ಮ ಮನೆಯವರೇ ಹುಟ್ಟಿಸಿಕೊಂಡ ಕೈಸನ್ನೆಯಿಂದ. ಮುಖ ಆ ಕಡೆ ತಿರುಗಿಸಿ ಮಾತಾಡಿದರೆ ಅವಳ ಪಾಲಿಗೆ ನೀವೂ ಗೋಡೆಯೂ ಒಂದೇ.

ನಾಯಿ ಅವಳ ಕಿವಿಯಾದದ್ದು ಯಾರೋ ಕಲಿಸಿ ಅಲ್ಲ. ಕೆಂಪು ಬಣ್ಣದ ಬೀದಿ ನಾಯಿ ಅದು, ಕೊಟ್ಟಿಗೆಯಲ್ಲಿ ಬಂದು ಮಲಗಿತು, ಹಾಗೇ ಉಳಿಯಿತು. ಬಾಗಿಲಿಗೆ ಯಾರಾದರೂ ಬಂದರೆ ಬೊಗಳಿ ಪ್ರಯೋಜನವಿಲ್ಲ ಎಂದು ಅದಕ್ಕೆ ಬೇಗ ಗೊತ್ತಾಯಿತು. ಒಳಗೆ ಓಡಿಹೋಗಿ ಅವಳ ಸೀರೆಯ ಅಂಚು ಹಿಡಿದು ಎಳೆಯತೊಡಗಿತು. ಎಮ್ಮೆ ಹಗ್ಗ ಬಿಚ್ಚಿಕೊಂಡರೆ ಒಂದು ಥರ ಎಳೆತ, ಹಾಲು ಕೇಳುವವರು ಬಂದರೆ ಇನ್ನೊಂದು ಥರ. ಅಕ್ಕ ಎಳೆತ ನೋಡಿಯೇ “ಹಾಲಿನವರು ಬಂದಾರ” ಅನ್ನುತ್ತಿದ್ದಳು. ಮೊದಮೊದಲು ನಾನು ನಂಬಿರಲಿಲ್ಲ, ಕಣ್ಣಾರೆ ಕಂಡ ಮೇಲೆ ಬಾಯಿ ಮುಚ್ಚಿಕೊಂಡೆ.

ಮಳೆ ಹಿಡಿದು ಬಿಟ್ಟಿದ್ದ ದಿನಗಳು. ಬೆಳಿಗ್ಗೆ ಭಾವನ ಫೋನ್ ಬಂತು. ಹಿಂದೆ ಫ್ಯಾಕ್ಟರಿಯ ಸದ್ದು ಗುಂಯ್‌ಗುಟ್ಟುತ್ತಿತ್ತು.

“ನಾಯಿಗೆ ಹುಚ್ಚು ಹಿಡದದ ಅಂತ ಗಲ್ಲಿ ಮಂದಿ ಅನ್ನಾಕತ್ತಾರ. ಸಂಜಿತನ ನೋಡ್ತಾರಂತ, ಆಮ್ಯಾಲ ಬಡದು ಹಾಕ್ತಾರಂತ. ನಿಮ್ಮ ಅಕ್ಕ ನಾಯಿ ತಗೊಂಡು ಒಳಗ ಹೋಗಿ ಬಾಗಲಾ ಹಾಕ್ಕೊಂಡಾಳ. ನಾ ಹೊರಗ ನಿಂತು ಎಷ್ಟು ಒದರಿದ್ರ ಏನು, ಆಕಿಗೆ ಕೇಳಬೇಕಲ್ಲ? ನನಗ ಡ್ಯೂಟಿ ಬಿಡಾಕ ಆಗಲ್ಲ. ನೀ ಜಲ್ದಿ ಬಾರವ್ವ.”

ಹುಚ್ಚು ನಾಯಿಯ ಜೊತೆ ಒಂದೇ ಕೋಣೆಯಲ್ಲಿ ಕಿವುಡಿ ಅಕ್ಕ! ನನಗೆ ಅಕ್ಕನ ಮೇಲೆ ಸಿಟ್ಟು ಬಂತು, ಭಾವನ ಮೇಲೆ ಬಂತು, ನಿಲ್ಲಬಾರದ ಕಡೆ ನಿಂತ ಪ್ಯಾಸೆಂಜರ್ ರೈಲಿನ ಮೇಲೂ ಬಂತು. ಚಿತ್ತಾಪುರ ದಾಟುವವರೆಗೆ ಅಕ್ಕನಿಗೆ ಬೈಯಬೇಕಾದ ಮಾತುಗಳನ್ನೇ ಜೋಡಿಸುತ್ತಿದ್ದೆ. ದಾಟಿದ ಮೇಲೆ ಹೆದರಿಕೆ ಶುರುವಾಯಿತು.

ಅಕ್ಕನ ಮನೆ ಎದುರಿನ ಕಟ್ಟೆಯ ಮೇಲೆ ಎದುರುಮನೆಯ ಗೌಂಡಿ ಕೂತಿದ್ದ. ಆ ಗಲ್ಲಿಯ ಅರ್ಧ ಗೋಡೆಗಳನ್ನು ಕಟ್ಟಿದವನು ಅವನೇ. ಅಕ್ಕನಿಗಿಂತ ಚಿಕ್ಕವನು, ಅಕ್ಕಾ ಅಕ್ಕಾ ಅಂತಲೇ ಓಡಾಡುವವನು. ಅವತ್ತು ತೊಡೆಯ ಮೇಲೆ ಬಡಿಗೆ ಅಡ್ಡ ಇಟ್ಟುಕೊಂಡಿದ್ದ. ಸುತ್ತ ಇನ್ನೂ ನಾಲ್ಕಾರು ಜನ.

“ಅಕ್ಕನ್ನ ಹೊರಗ ಕರೀರಿ,” ಅಂದ. “ನಾಯಿ ಗಾಳಿಗೆ ಬಾಯಿ ಹಾಕಾಕತ್ತದ. ಅದರ ದನಿನೂ ಬದಲಾಗ್ಯದ. ನಮ್ಮ ಮನ್ಯಾಗ ಅಂಬೆಗಾಲಿಡೋ ಕೂಸು ಅದ್ರಿ. ನಾಳೆ ಹೆಚ್ಚುಕಮ್ಮಿ ಆದ್ರ ಯಾರು ಹೊಣಿ?”

ಜಗಳ ಮಾಡೋಣವೆಂದರೆ ಅವನು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲ. ಆದರೂ ಆ ಬಡಿಗೆ ನೋಡಿ ನನ್ನ ಮೈ ಉರಿಯಿತು. “ಸಂಜಿತನ ಅಂದೀರಲ್ಲ, ಇನ್ನಾ ಬಿಸಲು ಅದ, ಸುಮ್ಮ ಕುಂದ್ರಿ,” ಎಂದು ಹೇಳಿ ಹಿತ್ತಲ ಕಿಟಕಿಗೆ ಹೋಗಿ ಕೈಬೀಸಿದೆ. ಅಕ್ಕ ಹಿತ್ತಲ ಬಾಗಿಲು ತೆಗೆದಳು.

ನಾಯಿ ಮೂಲೆಯಲ್ಲಿ ಗೋಡೆಗೆ ತಲೆ ಒತ್ತಿಕೊಂಡು ನಿಂತಿತ್ತು. ಮುಖ ಬಾತಿತ್ತು. ಎರಡು ಕಣ್ಣಿಗೂ ಹಾಲು ಹನಿಸಿದ ಹಾಗೆ ನೀಲಿ ಬಿಳುಪಿನ ಪೊರೆ. ನಡೆಯಹೋಗಿ ಕೊಡಕ್ಕೆ ಬಡಿದು ಬಿತ್ತು, ಎದ್ದು ಮತ್ತೆ ಅದೇ ಕೊಡಕ್ಕೆ ಬಡಿಯಿತು. ನಾನು ಹೊಸ್ತಿಲಲ್ಲೇ ಉಳಿದೆ. ಒಳಗೆ ಕಾಲಿಡುವ ಧೈರ್ಯ ನನಗೆ ಇರಲಿಲ್ಲ.

“ಇದಕ ಹುಚ್ಚಿಲ್ಲ!” ಅಕ್ಕ ಕೂಗಿದಳು. ಅವಳ ಪಾಲಿಗೆ ಅದು ಮೆಲ್ಲನೆ ಹೇಳಿದ್ದು. “ನೋಡು, ನೀರು ಕುಡೀತದ. ಹುಚ್ಚು ನಾಯಿ ನೀರು ಕುಡೀತದೇನು? ಮೈ ಕಾದ ಹಂಚಾಗ್ಯದ. ಒಂದಿನ ಇಳೀತದ, ಮತ್ತ ಏರ್ತದ.”

ನೀರು ಕುಡಿದರೆ ಹುಚ್ಚಿಲ್ಲ ಅನ್ನುವುದು ನಿಜವೋ ಸುಳ್ಳೋ ನನಗೆ ಗೊತ್ತಿರಲಿಲ್ಲ. ಕಚ್ಚಿತೇ, ಪರಚಿತೇ ಎಂದು ಸನ್ನೆ ಮಾಡಿ ಕೇಳಿದೆ. ಇಲ್ಲ ಅಂದಳು. ಬಿಡು ಇದನ್ನು, ಇನ್ನೊಂದು ನಾಯಿ ಸಿಗುತ್ತದೆ ಎಂದು ತುಟಿ ಬಿಡಿಸಿ ಹೇಳಿದೆ. ಅಕ್ಕ ನನ್ನ ಮುಖವನ್ನೇ ನೋಡಿದಳು.

“ಕಿವಿ ಹೋದಾಗ ನಾ ಆರು ತಿಂಗಳು ಅತ್ತೀನಿ, ನಿನಗ ಗೊತ್ತದ. ಇದು ಹೋದ್ರ ನಾ ಎರಡನೇ ಸಲ ಕಿವುಡಿ ಆಗ್ತೀನಿ. ಅಷ್ಟು ಶಕ್ತಿ ಈಗಿಲ್ಲವ್ವ ನನಗ.”

ಅದಾದ ಮೇಲೆ ನಾನು ಬೈಯಲು ಜೋಡಿಸಿಕೊಂಡ ಮಾತೆಲ್ಲ ಎಲ್ಲಿ ಹೋದವೋ. ಹಳೆ ಸೀರೆಯ ಅಂಚು ಹರಿದು ನಾಯಿಯ ಬಾಯಿ ಕಟ್ಟಿದೆವು. ಮೈಗೆ ಗೋಣಿಚೀಲ ಸುತ್ತಿದೆವು. ಹಿತ್ತಲಿಂದ ಹೊರಬಿದ್ದು ಆಟೋ ಹಿಡಿದೆವು. ಆಟೋದವನು ಏನಾಗಿದೆ ಎಂದು ಕೇಳಿದ. ನಾನು ಬಾಯಿ ತೆರೆಯುವ ಮೊದಲೇ ಅಕ್ಕ “ಕಣ್ಣು ಬ್ಯಾನಿ” ಎಂದು ಕೂಗಿದಳು. ಸುಳ್ಳೇನಲ್ಲವಲ್ಲ.

ಸೇಡಂನ ದನದ ದವಾಖಾನೆಯಲ್ಲಿ ಆಗ ಇದ್ದ ಡಾಕ್ಟರಮ್ಮ ಹಾಸನದ ಕಡೆಯವಳು, ಸಣ್ಣ ವಯಸ್ಸು. ಕೈಗವಸು ಹಾಕಿಕೊಂಡು, ನಾಯಿಯ ಕಣ್ಣು ನೋಡಿ, ವಸಡು ನೋಡಿ, ಕಿವಿಯ ತುದಿಯಿಂದ ಒಂದು ಹನಿ ರಕ್ತ ಗಾಜಿನ ಮೇಲೆ ಇಳಿಸಿದಳು. ಅಕ್ಕನ ಮನೆಯಲ್ಲಿ ಎಮ್ಮೆ ಇದೆಯೇ, ನೊಣದ ಕಾಟ ಇದೆಯೇ ಎಂದು ಕೇಳಿದಳು. ನಾಯಿಗೆ ಕಾಯಿಲೆಯಾದರೆ ಎಮ್ಮೆಯ ಸುದ್ದಿ ಯಾಕೆ? ಇವಳಿಗೆ ನಮ್ಮ ಭಾಷೆ ತಿಳಿದಿಲ್ಲ ಅಂದುಕೊಂಡೆ.

ಗಾಜನ್ನು ದುರ್ಬೀನಿನ, ಅಂದರೆ ಮೈಕ್ರೋಸ್ಕೋಪಿನ, ಕೆಳಗಿಟ್ಟು ನೋಡಿದವಳೇ ಹೇಳಿದಳು. “ಹುಚ್ಚಲ್ಲ ಕಣ್ರಮ್ಮ. ರಕ್ತದಲ್ಲಿ ಹುಳ ಇದೆ. ಕಚ್ಚೋ ನೊಣ ಇರುತ್ತಲ್ಲ, ದನದ ಮೇಲೆ ಕೂರೋದು, ಅದರಿಂದ ಬರೋದು. ಇದಕ್ಕೆ ಸರ್ರಾ ಅಂತಾರೆ. ತಲೆಗೆ ಏರಿದ್ರೆ ಹುಚ್ಚು ಹಿಡಿದ ಹಾಗೇ ಆಡುತ್ತೆ.”

ಹುಳ, ನೊಣ, ಸರ್ರಾ. ನೊಣ ಕಡಿದರೆ ತುರಿಕೆ ಬರಬೇಕು, ರಕ್ತದಲ್ಲಿ ಹುಳ ಹೇಗೆ ಹೊಕ್ಕಿತು? ಡಾಕ್ಟರಮ್ಮ ತಾಳ್ಮೆಯಿಂದ ಮತ್ತೆ ಹೇಳಿದಳು. ಎಮ್ಮೆಯ ರಕ್ತದಲ್ಲಿ ಆ ಹುಳ ಇದ್ದರೂ ಎಮ್ಮೆ ಎಷ್ಟೋ ಸಲ ಮೇಲೆ ಮೇಲೆ ಚೆನ್ನಾಗಿಯೇ ಕಾಣುತ್ತದಂತೆ. ನೊಣ ಎಮ್ಮೆಯನ್ನು ಕಚ್ಚಿ, ಅದೇ ಬಾಯಿಯಲ್ಲಿ ನಾಯಿಯನ್ನು ಕಚ್ಚಿದರೆ ನಾಯಿಗೆ ಬಂತು. ನಾಯಿ ಅದನ್ನು ತಾಳಿಕೊಳ್ಳುವುದಿಲ್ಲವಂತೆ. ನಂಬಿಕೆ ಬರದಿದ್ದರೆ ನೋಡಿ ಎಂದು ದುರ್ಬೀನು ತೋರಿಸಿದಳು. ನಾನು ಕಣ್ಣಿಟ್ಟೆ. ಒಂದು ಕರಿ ಗೆರೆ ಅಲ್ಲಾಡುತ್ತಿತ್ತು. ಅಯ್ಯಯ್ಯೋ ಎಂದು ಕೂಗಿದೆ. ಅದು ನಿಮ್ಮ ರೆಪ್ಪೆಯ ಕೂದಲು ಅಂದಳು.

ಆಮೇಲೆ ಅಕ್ಕ ನೋಡಿದಳು. ಬಹಳ ಹೊತ್ತು ಕಣ್ಣು ತೆಗೆಯಲೇ ಇಲ್ಲ. ತೋರುಬೆರಳನ್ನು ಮಡಚಿ ಬಿಚ್ಚಿ, ಮಡಚಿ ಬಿಚ್ಚಿ, ಅವು ಹೇಗೆ ಒದ್ದಾಡುತ್ತಿವೆ ಎಂದು ನನಗೆ ತೋರಿಸಿದಳು. ಕೊನೆಗೆ ಡಾಕ್ಟರಮ್ಮ ನಾಯಿಗೆ ಸೂಜಿ ಹಾಕಿದಳು, ಮತ್ತೆ ಕರೆತರಲು ಹೇಳಿದಳು, ಸುತ್ತಲಿನ ಎಮ್ಮೆಗಳ ರಕ್ತ ನೋಡಿಸಬೇಕು ಅಂದಳು. ನಾಯಿ ಉಳಿಯುತ್ತದೆಯೇ ಎಂದು ಕೇಳಿದರೆ “ನೋಡೋಣಮ್ಮ” ಅಂದಳು. ಆ ಪದ ನಮ್ಮ ಕಡೆಯೂ ಅವಳ ಕಡೆಯೂ ಒಂದೇ.

ಹೊರಗೆ ಬಂದು ಭಾವನಿಗೆ ಫೋನ್ ಮಾಡಿದೆ. ಅವರ ಕಡೆ ಫ್ಯಾಕ್ಟರಿ, ನನ್ನ ಕಡೆ ಟ್ರ್ಯಾಕ್ಟರ್.

“ಭಾವಾ, ಹುಚ್ಚಲ್ಲಂತ! ಹುಳದಿಂದ ಬಂದದ್ದಂತ!”

“ಹುಳಾ? ಯಾವಾಗ ಮುಟ್ತು?”

“ಯಾವಾಗಂತ ಹೆಂಗ ಹೇಳಲಿ? ಸರ್ರಾ ಅಂತ!”

“ಸರ್ರ್ ಅಂತಾ? ಯಾರು ನೋಡ್ಯಾರ?”

“ಅಕ್ಕ ಕಣ್ಣಾರೆ ನೋಡ್ಯಾಳ! ಒದ್ದಾಡಾಕತ್ತಿದ್ವಂತ!”

ಲೈನು ಕಡಿಯಿತು. ನಾನು ಹೇಳಿದ ಒಂದೊಂದು ಮಾತೂ ಖರೆ. ಒಂದನ್ನೂ ಸೇರಿಸಿ ಹೇಳಲಿಲ್ಲ.

ನಾವು ಗಲ್ಲಿಗೆ ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಭಾವ ರಜೆ ಕೇಳಿಕೊಂಡು ಬಂದಿದ್ದರು. ಇದ್ದವರೆಲ್ಲ ಅಕ್ಕನ ಹಿತ್ತಲಿನಲ್ಲಿದ್ದರು. ಗೌಂಡಿ ಅದೇ ಬಡಿಗೆಯಿಂದ ಅಲ್ಲಿ ಒಟ್ಟಿದ್ದ ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಒಂದೊಂದಾಗಿ ಎಬ್ಬಿಸುತ್ತಿದ್ದ. ಒಬ್ಬ ಮುದುಕಿ ಅರಿಶಿನ ಹಿಡಿದು ನಿಂತಿದ್ದಳು. ನಮ್ಮನ್ನು ಕಂಡಕೂಡಲೇ ಭಾವ ಅಕ್ಕನತ್ತ ಅಂಗೈ ಎತ್ತಿ ಹೆಡೆ ಮಾಡಿ ಆಡಿಸಿದರು. ನಮ್ಮ ಮನೆಯ ಸನ್ನೆಯಲ್ಲಿ ಅದು ಹಾವು. ಯಾವ ಕಡೆ ಹೋಯಿತು ಎಂದು ಕೇಳುತ್ತಿದ್ದರು.

ಏನಾಗಿದೆ ಎಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ತಿಳಿಯುವಷ್ಟರಲ್ಲಿ ಚಪ್ಪಡಿಯ ಕೆಳಗೆ ಹಾವಿನ ಪೊರೆ ಸಿಕ್ಕಿಬಿಟ್ಟಿತು! ನದಿ ದಂಡೆಯ ಊರು, ಕೋಟೆಯ ಹಳೇ ಕಲ್ಲು ಬಿದ್ದ ಜಾಗ, ಯಾವ ಸಂದಿ ಕೆದಕಿದರೂ ಒಂದು ಪೊರೆ ಸಿಗಬಹುದು. ಆದರೆ ಅವತ್ತೇ ಸಿಗಬೇಕೇ? ಒಂದು ಕ್ಷಣ ನನಗೇ ಅನುಮಾನ ಹುಟ್ಟಿತು. ಡಾಕ್ಟರಮ್ಮ ತಪ್ಪಿರಬಹುದಲ್ಲ, ಸಣ್ಣ ವಯಸ್ಸು.

“ನೋಡ್ರಿ, ಅಕ್ಕನ್ನ ಕಡೀಬೇಕಂತ ಬಂದದ್ದು,” ಗೌಂಡಿ ಜನರಿಗೆ ಹೇಳುತ್ತಿದ್ದ. “ಆಕಿಗೆ ಸಪ್ಪಳ ಕೇಳಲ್ಲ. ಈ ನಾಯಿ ನಡುವ ಬಂದು ತಾ ಕಡಿಸಿಕೊಂಡದ.” ಬೆಳಿಗ್ಗೆ ಬಡಿದು ಹಾಕುತ್ತೇನೆ ಅಂದವನ ಕಣ್ಣಲ್ಲಿ ನೀರಿತ್ತು.

ನನಗೆ ತಡೆಯಲಾಗಲಿಲ್ಲ. “ಅಯ್ಯ, ಆ ಹುಳ ಅಲ್ರಿ—” ಎಂದೆ. ಅಕ್ಕ ನನ್ನ ತೋಳನ್ನು ಎಷ್ಟು ಜೋರಾಗಿ ಚಿವುಟಿದಳೆಂದರೆ ನಾಲ್ಕು ದಿನ ಕಪ್ಪಗಿತ್ತು. ನಂತರ ಭಾವನ ಕಡೆ ತಿರುಗಿ, ತಾನೂ ಅಂಗೈಯಿಂದ ಹೆಡೆ ಮಾಡಿ, ನದಿಯ ಕಡೆ ಕೈ ತೋರಿಸಿದಳು.

ಮುದುಕಿ ಬೇವಿನ ಎಲೆ ತಂದಳು. ವಿಷ ಏರಿದವರಿಗೆ ಬೇವು ಕಹಿ ಹತ್ತುವುದಿಲ್ಲ ಎನ್ನುತ್ತಾರೆ. ಬಾಯಿಯ ಕಟ್ಟು ಬಿಚ್ಚಿ ಎಲೆ ಹಾಕಿದರೆ ನಾಯಿ ಥೂ ಅಂತ ಉಗುಳಿತು. “ಕಹಿ ಹತ್ಯದ! ವಿಷ ಇಳದದ!” ಎಂದು ಎಲ್ಲರೂ ಸಂತೋಷಪಟ್ಟರು. ಬೇವು ಉಗುಳದ ನಾಯಿಯನ್ನು ನಾನಂತೂ ಈವರೆಗೆ ಕಂಡಿಲ್ಲ.

ಜನ ಚದುರಿದ ಮೇಲೆ ಯಾಕೆ ಹೀಗೆ ಮಾಡಿದೆ ಎಂದು ಅಕ್ಕನನ್ನು ಕೇಳಿದೆ.

“ಹುಚ್ಚಂದ್ರ ಬಡೀತಾರ. ಹಾವಂದ್ರ ಕೈ ಮುಗೀತಾರ. ನೊಣ ಅಂದ್ರ ನಗ್ತಾರ, ನಕ್ಕು ಆಮ್ಯಾಲ ಬಡೀತಾರ!” ಎಂದು ಕೂಗಿದಳು. ಇಡೀ ಗಲ್ಲಿಗೆ ಕೇಳುತ್ತದೆಂದು ನಾನು ಅವಳ ಬಾಯಿ ಮುಚ್ಚಿದೆ.

ನಾನು ವಾಡಿಗೆ ಬಂದೆ. ಸರಿಯೋ ತಪ್ಪೋ ತಿಳಿಯದೆ ಗಂಡನನ್ನು ಕೇಳಿದೆ. ರಕ್ತದಲ್ಲಿ ಹುಳ ಇದ್ದರೆ ಹುಳದ ಗುಳಿಗೆ ಕೊಡಬಹುದಿತ್ತಲ್ಲ ಅಂದರು ಅವರು. ಅದು ಹೊಟ್ಟೆಯ ಹುಳ ಅಂದೆ. ಎಲ್ಲಾ ಹುಳವೇ ಅಲ್ಲವೇನು ಅಂದರು.

ನಾಯಿ ಚೇತರಿಸಿಕೊಂಡಿತು. ಊತ ಇಳಿಯಿತು, ಜ್ವರ ಬಿಟ್ಟಿತು. ಕಣ್ಣಿನ ಪೊರೆ ಮಾತ್ರ ನಿಧಾನವಾಗಿ ತಿಳಿಯಾಗುತ್ತಿತ್ತು. ಅಕ್ಕ ಮತ್ತೆ ಅದನ್ನು ಸೇಡಂಗೆ ಒಯ್ದು ತೋರಿಸಿಕೊಂಡು ಬಂದಳು. ತನ್ನ ಎರಡೂ ಎಮ್ಮೆಗಳ ರಕ್ತ ನೋಡಿಸಿದಳು. ಅವುಗಳಲ್ಲಿ ಏನೂ ಇರಲಿಲ್ಲ. ನಾಯಿಗೆ ಹುಳ ಮುಟ್ಟಿದರೆ ಎಮ್ಮೆಗೆ ಯಾಕೆ ಪರೀಕ್ಷೆ ಎಂದು ಗಲ್ಲಿಯವರು ಆಶ್ಚರ್ಯಪಟ್ಟರು. ಕಿವುಡಿಗೆ ನಾಯಿಯ ಮೇಲೆ ಪ್ರೀತಿ ಹೆಚ್ಚಾಗಿ ತಲೆ ತಿರುಗಿದೆ ಅಂದುಕೊಂಡರು. ಗೌಂಡಿಯ ಹೆಂಡತಿ ನಾಗರ ಕಟ್ಟೆಗೆ ಹಾಲೆರೆದು ಬಂದು ನಾಯಿಗೂ ಒಂದು ಬಟ್ಟಲು ಹಾಲಿಟ್ಟಳಂತೆ.

ದಸರೆಗೆ ನಾನು ಹೋದಾಗ ಅಕ್ಕನ ಮುಖ ಚೆನ್ನಾಗಿರಲಿಲ್ಲ. ಬಾಗಿಲಲ್ಲಿ ನಿಂತು ಎದುರುಮನೆಯ ಕೊಟ್ಟಿಗೆ ತೋರಿಸಿದಳು. ಗೌಂಡಿಯ ಎಮ್ಮೆ ತಲೆ ತಗ್ಗಿಸಿ ನಿಂತಿತ್ತು. ಪಕ್ಕೆಲುಬು ಕಾಣುತ್ತಿದ್ದವು. ಮೈಮೇಲೆ ದೊಡ್ಡ ನೊಣಗಳು, ಓಡಿಸಲು ಬಾಲ ಎತ್ತುವ ಕಸುವೂ ಅದಕ್ಕೆ ಇರಲಿಲ್ಲ. ಕೊರಳಲ್ಲಿ ಹೊಸ ದಾರ. ನಾಯಿಯನ್ನು ಮುಟ್ಟಿದ ಹುಳವೇ ಇದನ್ನೂ ಮುಟ್ಟಿದೆ ಎಂದು ಯಾರೋ ಮಂತ್ರಿಸಿ ಕಟ್ಟಿದ್ದರು.

“ನಾ ಹೇಳಿಬಿಡ್ತೀನಿ,” ಅಂದಳು ಅಕ್ಕ.

ಬೇಡ ಅಂದೆ. ಹೇಳಿದರೆ ಏನಾಗುತ್ತದೆ ಅಂತ ಎರಡೂ ಕೈಯಿಂದ ತಿಳಿಸಿದೆ. ನಿನ್ನ ನಾಯಿಯ ರೋಗ ಅವರ ಎಮ್ಮೆಗೆ ಬಂತು ಅನ್ನುತ್ತಾರೆ. ಮೊದಲು ಸುಳ್ಳು ಹೇಳಿದೆ ಅನ್ನುತ್ತಾರೆ. ಅವನ ಬಡಿಗೆ ಇನ್ನೂ ಆ ಕಟ್ಟೆಯ ಮೂಲೆಯಲ್ಲೇ ಇದೆ. ಸುಮ್ಮನೆ ಇದ್ದರೆ ಎಮ್ಮೆ ತಾನಾಗಿ ಸುಧಾರಿಸಲೂಬಹುದು. ಇಷ್ಟು ಹೇಳುವಾಗ ನನಗೇ ನಾಚಿಕೆಯಾಗುತ್ತಿತ್ತು, ಆದರೂ ಹೇಳಿದೆ. ನಾಯಿ ಅಕ್ಕನ ಕಾಲ ಬಳಿ ಮಲಗಿತ್ತು.

ಅಕ್ಕ ಅದನ್ನು ನೋಡಿದಳು. ಆಮೇಲೆ ನಾಯಿಯನ್ನು ತನ್ನ ಕೊಟ್ಟಿಗೆಯೊಳಗೆ ಬಿಟ್ಟು ಬಾಗಿಲು ಹಾಕಿ, ಸೆರಗು ಸರಿಮಾಡಿಕೊಂಡು ನಡೆದಳು. ನಾನು ಹಿಂದೆ ಓಡಿದೆ.

ಗೌಂಡಿ ಎಮ್ಮೆಯ ಪಕ್ಕದಲ್ಲಿ ಹಸಿ ಹುಲ್ಲು ಹಿಡಿದು ಕೂತಿದ್ದ. “ಬರ್ರಿ ಅಕ್ಕಾ,” ಅಂದ.

“ತಮ್ಮಾ, ನಮ್ಮ ನಾಯಿಗೆ ಹಾವು ಮುಟ್ಟಿರಲಿಲ್ಲ,” ಅಂದಳು. ಅವಳ ದನಿಗೆ ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. “ನಿಮ್ಮ ಬಡಿಗಿಗೆ ಅಂಜಿ ನಾ ಹೌದಂದೆ. ನೊಣ ಕಡದು ರಕ್ತದಾಗ ಹುಳ ಆಗಿದ್ವು. ದುರ್ಬೀನಿನಾಗ ನಾ ನೋಡೀನಿ. ನಿಮ್ಮ ಎಮ್ಮಿಗೂ ಅದೇ ಇರಬೇಕು. ಈ ದಾರದಾಗ ಏನಿಲ್ಲ. ಸೇಡಂ ಡಾಕ್ಟರಮ್ಮಗ ಫೋನ್ ಮಾಡ್ರಿ.”

ಗೌಂಡಿ ಅವಳನ್ನೂ ನನ್ನನ್ನೂ ನೋಡಿದ. “ಹುಳ ಮುಟ್ಟಿಲ್ಲ, ಹುಳ ಆಗ್ಯಾವ?” ಅಂದ. “ನೊಣಕ್ಕ ಹುಳ ಅಂತಾರೇನು?”

ನನಗೆ ಗೊತ್ತಿದ್ದಷ್ಟು ಹೇಳಿದೆ. ಹೇಳುತ್ತಾ ಹೇಳುತ್ತಾ ಎರಡು ಸಲ ತಪ್ಪಿದೆ, ಹಿಂದೆ ಹೋಗಿ ಮತ್ತೆ ಹೇಳಿದೆ. ಬಾಗಿಲಲ್ಲಿ ನಿಂತ ಯಾರೋ “ಅಂದ್ರ ಆ ನಾಯಿಂದೇ ಬಂತನ್ರಿ!” ಅಂದರು. ನಾನು ಕಟ್ಟೆಯ ಮೂಲೆಯ ಬಡಿಗೆಯ ಕಡೆ ನೋಡಿದೆ.

“ತಡೀರಿ,” ಗೌಂಡಿ ಕೈ ಎತ್ತಿದ. ಅವನು ಏನೋ ಲೆಕ್ಕ ಹಾಕುತ್ತಿದ್ದ. “ನಮ್ಮ ಎಮ್ಮಿ ಮಳಿ ಸುರು ಆದಾಗಿಂದ ಹಾಲು ಕಮ್ಮಿ ಮಾಡ್ಯದ. ಒಂದಿನ ಮೈ ಬಿಸಿ, ಒಂದಿನ ತಣ್ಣಗ. ಆವಾಗ ಅಕ್ಕನ ನಾಯಿ ಆರಾಮ ಇತ್ತು, ಇಲ್ಲೇ ಇದರ ಕಾಲಾಗ ಮಲಗತಿತ್ತು.” ಆಮೇಲೆ ನನ್ನನ್ನು ಕೇಳಿದ. “ಎಮ್ಮಿಂದ ನಾಯಿಗೆ ಬರತದಂತೇನ್ರಿ?”

ಹೌದು, ಡಾಕ್ಟರಮ್ಮ ಹಾಗೇ ಹೇಳಿದ್ದಳು ಎಂದೆ. ಖಾತ್ರಿ ಯಾರು ಹೇಳಬೇಕು, ನೊಣವನ್ನು ಕೇಳಲಾಗುತ್ತದೆಯೇ.

ಗೌಂಡಿ ಮುಖವನ್ನು ಎಮ್ಮೆಯ ಕಡೆ ತಿರುಗಿಸಿಕೊಂಡ. ಅದರ ಕೊರಳಿನ ದಾರ ಕೀಳುತ್ತ ಮೆಲ್ಲಗೆ ಅಂದ. “ನಮ್ಮ ಕೊಟ್ಟಿಗಿಂದ ಬಂದಿದ್ದು ಅದು. ನಾನೇ ಬಡಿಗಿ ಹಿಡಕೊಂಡು ಆಕಿ ಬಾಗಲ ಮುಂದ ಕುಂತಿದ್ನಲ್ಲೋ.”

ಅಕ್ಕನಿಗೆ ಅವನ ತುಟಿ ಕಾಣಲಿಲ್ಲ. “ಏನಂದ?” ಎಂದು ನನ್ನನ್ನು ಕೇಳಿದಳು. ನನಗೆ ಸಿಟ್ಟಿತ್ತು, ಹೇಳುವ ಆಸೆಯೂ ಇತ್ತು. ಒಂದು ಅಕ್ಷರ ಬಿಡದೆ ತುಟಿ ಬಿಡಿಸಿ ಹೇಳಿದೆ. ಅವಳು ಈಗಲಾದರೂ ಅವನಿಗೆ ನಾಲ್ಕು ಮಾತು ಅನ್ನಲಿ ಎಂದು ಕಾದೆ.

ಅಕ್ಕ ಅವನ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತಳು. ಎಮ್ಮೆಯ ಕಿವಿ ಹಿಡಿದು ಬಿಸಿ ನೋಡಿದಳು.

“ಮೇವು ತಿನ್ನಾಕತ್ತದೇನು?” ಅಂದಳು.

ಅವನು ಕಣ್ಣೊರೆಸಿಕೊಂಡ. ನಂತರ ಅವಳಿಗೆ ತುಟಿ ಕಾಣಲೆಂದು ಪೂರ್ತಿ ಅವಳ ಕಡೆ ತಿರುಗಿ ಕೂತು, “ಇಲ್ಲ ಅಕ್ಕಾ, ನಿನ್ನಿಯಿಂದ ಏನೂ ತಿಂದಿಲ್ಲ,” ಅಂದ.